ಬೀಗದ ಉಪಮೆ ಸಾಲದು

ನಿಸ್ತಂತು ಜಾಲದ ಸುರಕ್ಷತೆಯನ್ನು ವಿವರಿಸುವಾಗ ನಮ್ಮ ಜನಪ್ರಿಯ ವಿಜ್ಞಾನ ಬರಹಗಳೂ ತರಗತಿಯ ಪಾಠಗಳೂ ಸಾಮಾನ್ಯವಾಗಿ ಒಂದೇ ಉಪಮೆಯನ್ನು ಆಶ್ರಯಿಸುತ್ತವೆ: ಗುಪ್ತಪದವೆಂದರೆ ಮನೆಯ ಬೀಗ. ಕೇಳಲು ಸರಳ, ಆದರೆ ಭೌತವಿಜ್ಞಾನದ ದೃಷ್ಟಿಯಿಂದ ಇದು ದಾರಿ ತಪ್ಪಿಸುವ ಉಪಮೆ.

ಏಕೆಂದು ನೋಡೋಣ. ವೈ-ಫೈ ಬಳಸುವ 2.4 ಗಿಗಾಹರ್ಟ್ಸ್ ಆವೃತ್ತಿಯ ರೇಡಿಯೊ ಅಲೆಯ ತರಂಗದೂರ ಸುಮಾರು 12.5 ಸೆಂಟಿಮೀಟರ್. ಕಲಬುರಗಿಯ ಹಳೆಯ ಮನೆಗಳ ದಪ್ಪ ಕಲ್ಲುಗೋಡೆ ಅದನ್ನು ಕ್ಷೀಣಗೊಳಿಸೀತು. ಆದರೆ ಕಿಟಕಿ ಬಾಗಿಲುಗಳಿಂದ ಅದು ಸಲೀಸಾಗಿ ಬೀದಿಗಿಳಿಯುತ್ತದೆ. ಬೀದಿಯಲ್ಲಿ ನಿಂತವನು ಬೀಗ ಮುರಿಯಬೇಕಿಲ್ಲ, ಕೇಳಿಸಿಕೊಂಡರೆ ಸಾಕು. ಆದ್ದರಿಂದ ನಿಜವಾದ ರಕ್ಷಣೆ ಇರುವುದು ಗೂಢಲಿಪೀಕರಣದಲ್ಲಿ, ಅಂದರೆ ಅಲೆ ಸಿಕ್ಕರೂ ಅರ್ಥ ಸಿಗದಂತೆ ಮಾಡುವುದರಲ್ಲಿ.

1997ರ ‘ವೆಪ್’ ಪದ್ಧತಿ ಸೋತದ್ದು ಇಲ್ಲಿಯೇ. ಪ್ರತಿ ಪ್ಯಾಕೆಟ್ಟಿಗೂ ಕೀಲಿಯೊಡನೆ ಸೇರುತ್ತಿದ್ದ ಬದಲಾಗುವ ಸಂಖ್ಯೆ ಕೇವಲ 24 ಬಿಟ್. ಎಂದರೆ 1,67,77,216 ಸಾಧ್ಯತೆಗಳು. ಬಿಡುವಿಲ್ಲದ ಜಾಲದಲ್ಲಿ ಅವು ಬೇಗನೆ ಮುಗಿದು ಮರುಕಳಿಸುತ್ತವೆ. 2001ರಲ್ಲಿ ಫ್ಲೂರರ್, ಮ್ಯಾಂಟಿನ್ ಮತ್ತು ಶಮೀರ್ ಅದರ ಆರ್‌ಸಿ4 ಬಳಕೆಯಲ್ಲಿನ ದೋಷವನ್ನೂ ತೋರಿಸಿದರು. ಗುಪ್ತಪದ ಎಷ್ಟೇ ಕಠಿಣವಾಗಿದ್ದರೂ ಪ್ರಯೋಜನವಾಗಲಿಲ್ಲ. 2004ರ ಡಬ್ಲ್ಯುಪಿಎ2 ಹೆಚ್ಚು ಬಲವಾದ ಎಇಎಸ್ ವಿಧಾನವನ್ನು ತಂದಿತು.

ಕಮಲಾಪುರದ ಶಾಲೆಯೊಂದರಲ್ಲಿ ಗುಪ್ತಪದವನ್ನು ಕರಿಹಲಗೆಯ ಮೇಲೆ ಬರೆದಿಟ್ಟಿದ್ದುದನ್ನು ಕಂಡೆ. ಕೇಳಿದಾಗ ಶಿಕ್ಷಕರು, “ಇಲ್ಲಿ ಇರೋರೆಲ್ಲಾ ನಮ್ಮವರೇ ಅದಾರಲ್ರಿ, ಸರ್” ಎಂದರು. ಬೀಗದ ಉಪಮೆಯಂತೆ ಅವರ ಮಾತು ಸರಿ. ಆದರೆ ಡಬ್ಲ್ಯುಪಿಎ2ರಲ್ಲಿ ಎಲ್ಲರಿಗೂ ಒಂದೇ ಗುಪ್ತಪದವಿದ್ದಾಗ, ಅದನ್ನು ಬಲ್ಲವನು ಮತ್ತೊಬ್ಬರ ಸಾಧನ ಜಾಲಕ್ಕೆ ಸೇರುವ ಕ್ಷಣದ ಸಂಕೇತ ವಿನಿಮಯವನ್ನು ಸೆರೆಹಿಡಿದರೆ, ಅವರ ತಾತ್ಕಾಲಿಕ ಕೀಲಿಯನ್ನೂ ಲೆಕ್ಕಹಾಕಬಲ್ಲ! 2018ರ ಡಬ್ಲ್ಯುಪಿಎ3 ಈ ಕೊರತೆಯನ್ನು ನೀಗಿಸಿದೆ. ಹಳೆಯ ಸಾಧನಗಳಿಗೆ ಮಾತ್ರ ಆ ಭಾಗ್ಯವಿಲ್ಲ.

2020ರ ಡಿಸೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯಂತೆ ಕಮಲಾಪುರದಲ್ಲಿ ಕೆಂಪುಬಾಳೆ ಮಾರುವ ಅಂಗಡಿಯವರೂ ಪರವಾನಗಿಯಿಲ್ಲದೆ ಸಾರ್ವಜನಿಕ ವೈ-ಫೈ ನೀಡಬಹುದು. ಸ್ವಾಗತಾರ್ಹವೇ. ಆದರೆ ಇಂಥ ಜಾಲಗಳಲ್ಲಿ ಮೊಬೈಲಿಗೆ ಬರುವ ಒಟಿಪಿ ನೀವು ಯಾರೆಂದು ಖಚಿತಪಡಿಸುತ್ತದೆಯೇ ಹೊರತು ಗಾಳಿಯಲ್ಲಿನ ಸಂದೇಶವನ್ನು ಗೂಢಗೊಳಿಸುವುದಿಲ್ಲ. ಮುಕ್ತ ಜಾಲದಲ್ಲಿ ನಿಮ್ಮ ಮಾಹಿತಿಯನ್ನು ಕಾಯುವುದು ತಾಣದ ‘ಎಚ್‌ಟಿಟಿಪಿಎಸ್’ ವ್ಯವಸ್ಥೆ.

ಶಿಕ್ಷಕ ಮಿತ್ರರೇ, ಮುಂದಿನ ಪಾಠದಲ್ಲಿ ಬೀಗವನ್ನು ಬಿಟ್ಟು ದನದ ಸಂತೆಯನ್ನು ನೆನೆಯಿರಿ. ದಲ್ಲಾಳಿಗಳು ಎಲ್ಲರೆದುರೇ ಸಂಕೇತದ ಮಾತಿನಲ್ಲಿ ಬೆಲೆ ಹೇಳಿಕೊಳ್ಳುತ್ತಾರೆ. ಸುತ್ತಲಿನವರಿಗೆ ದನಿ ಕೇಳುತ್ತದೆ, ಬೆಲೆ ತಿಳಿಯದು. ಅದೇ ಸಂಕೇತ ಮತ್ತೆ ಮತ್ತೆ ಬಂದರೆ ಜಾಣ ರೈತ ಕಲಿತುಬಿಡುತ್ತಾನೆ. ಊರಿಗೆಲ್ಲ ಗೊತ್ತಾದರೆ ಅದು ಸಂಕೇತವೇ ಅಲ್ಲ. ವಿದ್ಯಾರ್ಥಿಗೆ ಇಷ್ಟು ತಿಳಿದರೆ, ಕರಿಹಲಗೆಯ ಮೇಲಿನ ಗುಪ್ತಪದವನ್ನು ಅವನೇ ಒರೆಸಿಯಾನು.