ಕೀಟನ್ನನ ಕಡೆಯ ಜಿಗಿತ

ಕೊನೆಯ ಹಾಳೆ ಹರಿದುಹೋದ ದುರಂತ ನಾಟಕವನ್ನು ಓದಿದರೂ ಮನಸ್ಸು ಕರಗೀತು. ಕೊನೆಯ ಹಾಳೆ ಇಲ್ಲದ ಪ್ರಹಸನ ಮಾತ್ರ ಪ್ರಹಸನವಾಗಿ ಉಳಿಯುವುದಿಲ್ಲ. ಈ ಮಾತಿಗೆ ಬಸ್ಟರ್ ಕೀಟನ್ನನ 'ಹಾರ್ಡ್ ಲಕ್' ಎಂಬ ಮೂಕಚಿತ್ರವನ್ನೇ ನಾನು ಸಾಕ್ಷಿಯಾಗಿ ಕರೆಯುತ್ತೇನೆ.

1921ರಲ್ಲಿ ಅಮೆರಿಕದಲ್ಲಿ ತೆರೆಕಂಡ ಎರಡು ರೀಲುಗಳ ಈ ಚಿತ್ರವನ್ನು ಕೀಟನ್ ಮತ್ತು ಎಡ್ವರ್ಡ್ ಕ್ಲೈನ್ ನಿರ್ದೇಶಿಸಿದರು. ಇದರ ನಾಯಕ ಬಾಳಿಗೆ ಬೇಸತ್ತ ನಿರ್ಭಾಗ್ಯ. ಆದರೆ ಸಾಯಹೊರಟರೆ ಸಾವೂ ಅವನಿಗೆ ಒಲಿಯದು. ಕತ್ತಲೆಯಲ್ಲಿ ಬರುವ ಮೋಟಾರಿನ ಜೋಡಿ ದೀಪಗಳಿಗೆ ಎದುರಾಗಿ ನಿಂತರೆ, ಅವು ಎರಡು ಮೋಟಾರು ಸೈಕಲ್ಲುಗಳಾಗಿ ಎಡಬಲಗಳಲ್ಲಿ ಹಾದುಹೋಗುತ್ತವೆ. ವಿಷವೆಂದು ಕುಡಿದದ್ದು ವಿಸ್ಕಿಯಾಗಿರುತ್ತದೆ! ಆ ಅಮಲಿನ ಧೈರ್ಯದಲ್ಲಿ ಆರ್ಮಡಿಲೊ ಎಂಬ ಚಿಪ್ಪಿನ ಪ್ರಾಣಿಯನ್ನು ಹಿಡಿದು ತರಲು ಹೊರಡುತ್ತಾನೆ. ಮುಂದೆ ಅವನು ಮೆಚ್ಚಿದ ಹೆಣ್ಣು ವಿವಾಹಿತೆಯೆಂದು ತಿಳಿಯುತ್ತದೆ. ಕಡೆಗೆ ಈಜುಕೊಳದ ಎತ್ತರದ ಹಲಗೆಯಿಂದ ಹಾರಿ, ನೀರಿಗೆ ಬೀಳದೆ ಪಕ್ಕದ ನೆಲವನ್ನು ಸೀಳಿಕೊಂಡು ಕಾಣದಾಗುತ್ತಾನೆ. ಉಳಿಯುವುದು ಒಂದು ಕುಳಿ ಮಾತ್ರ.

ದಶಕಗಳ ಕಾಲ ಕಳೆದುಹೋಗಿದ್ದ ಈ ಚಿತ್ರವನ್ನು 1987ರಲ್ಲಿ ಕೆವಿನ್ ಬ್ರೌನ್‌ಲೊ ಮತ್ತು ಡೇವಿಡ್ ಗಿಲ್ ಸಾಧ್ಯವಾದಷ್ಟು ಜೋಡಿಸಿದಾಗ, ಕೊನೆಯ ದೃಶ್ಯಕ್ಕೆ ಸ್ಥಿರಚಿತ್ರಗಳಷ್ಟೇ ಗತಿಯಾಗಿದ್ದವು. ಸ್ಥಿರಚಿತ್ರ ಸಂಗತಿಯನ್ನು ತಿಳಿಸೀತು, ನಗಿಸಲಾರದು. ನಗೆ ಹುಟ್ಟುವುದು ಕಾಯುವಿಕೆಯಲ್ಲಿ. ಮುಂದೆ ರಷ್ಯದ ಸಂಗ್ರಹಾಲಯವೊಂದರ ಪ್ರತಿಯಲ್ಲಿ ಆ ದೃಶ್ಯ ದೊರೆಯಿತು. ವರ್ಷಗಳು ಕಳೆದಿವೆ, ಕೊಳ ಬತ್ತಿ ಪಾಳುಬಿದ್ದಿದೆ. ಅದೇ ಕುಳಿಯಿಂದ ಚೀನೀ ಉಡುಪಿನ ಕೀಟನ್ ಮೇಲೇರಿ ಬರುತ್ತಾನೆ. ಜೊತೆಗೆ ಚೀನೀ ಹೆಂಡತಿ, ಮಕ್ಕಳು!

ಅಮೆರಿಕದ ನೆಲವನ್ನು ಅಗೆಯುತ್ತ ಹೋದರೆ ಚೀನ ಸಿಕ್ಕುತ್ತದೆಂಬ ಅಲ್ಲಿಯ ಮಕ್ಕಳ ನಂಬಿಕೆಯೇ ಈ ವಿನೋದದ ಬೇರು. ಭೂಗೋಳದ ಲೆಕ್ಕದಲ್ಲಿ ಕ್ಯಾಲಿಫೋರ್ನಿಯದ ಬೆನ್ನಿಗಿರುವುದು ಹಿಂದೂ ಮಹಾಸಾಗರ. ಹಾಸ್ಯಕ್ಕೆ ಆ ಲೆಕ್ಕ ಬೇಕಿಲ್ಲ. ಪರಕೀಯರ ವೇಷವನ್ನೇ ನಗೆಗೆ ಸರಕಾಗಿಸುವ ಅಂದಿನ ದೃಷ್ಟಿಯೂ ಇಲ್ಲಿ ಇಣುಕುತ್ತದೆ. ಅದನ್ನು ಮುಚ್ಚಿಟ್ಟು ಹೊಗಳುವುದು ವಿಮರ್ಶೆಯಲ್ಲ.

ಆದರೂ ಈ ದೃಶ್ಯವಿಲ್ಲದ 'ಹಾರ್ಡ್ ಲಕ್' ಬೇರೆಯೇ ಕೃತಿ ಎಂಬುದು ನನ್ನ ನಿಲುವು. ಕುಳಿಯಲ್ಲಿಯೇ ಕಥೆ ನಿಂತರೆ, ಸಾವನ್ನು ಅರಸಿದವನಿಗೆ ಸಾವು ಸಿಕ್ಕಿತೆಂದೇ ಅರ್ಥ. ಅದುವರೆಗೆ ನಕ್ಕದ್ದಕ್ಕೆ ನಾವು ನಾಚಿಕೊಳ್ಳಬೇಕಾದೀತು. ನಿರ್ವಹಣ ಸಂಧಿಯಲ್ಲಿ ಅದ್ಭುತರಸವಿರಬೇಕೆಂದು ಭರತನ ನಾಟ್ಯಶಾಸ್ತ್ರ ವಿಧಿಸುತ್ತದೆ. ಅದು ಬರಿಯ ಅಲಂಕಾರಕ್ಕಾಗಿ ಅಲ್ಲವೆಂಬುದು ಇಲ್ಲಿ ಮನವರಿಕೆಯಾಗುತ್ತದೆ. ಸಾಯಲೆಂದು ಮನೆಬಿಟ್ಟಂತಿದ್ದವನು ಪಾತಾಳಕ್ಕಿಳಿದು ಸಂಸಾರಸ್ಥನಾಗಿ ಹಿಂದಿರುಗಿದಾಗಲೇ, ಮೊದಲಿನ ನಗೆಗಳೆಲ್ಲ ನಿರ್ದೋಷವಾಗುತ್ತವೆ.