ಗೆಳೆಯರಿಬ್ಬರ ಗೀತಗೋಷ್ಠಿ

ಕವಿತೆಯನ್ನು ಸಭೆಯಲ್ಲಿ ಹಾಡಿ ಕೇಳಿಸುವ ರೂಢಿ ಪುಣೆಗೆ ಹೊಸದಲ್ಲ. 1923ರಲ್ಲಿ ಹುಟ್ಟಿದ ರವಿಕಿರಣ ಮಂಡಳದ ಯಶವಂತ, ಗಿರೀಶ ಮೊದಲಾದ ಕವಿಗಳು ತಮ್ಮ ಕವಿತೆಗಳನ್ನು ತಾವೇ ಹಾಡಿ ಮರಾಠಿ ಕಾವ್ಯವನ್ನು ಹೊತ್ತಗೆಯಿಂದ ಜನರ ಕಿವಿಗೆ ತಂದರು. 1955ರ ರಾಮನವಮಿಯಂದು ಪುಣೆಯ ಆಕಾಶವಾಣಿಯಲ್ಲಿ ಆರಂಭವಾದ ‘ಗೀತರಾಮಾಯಣ’ದಲ್ಲಿ ಗ. ದಿ. ಮಾಡಗೂಳಕರರ ಪದ್ಯವೂ ಸುಧೀರ ಫಡಕೆಯವರ ಸ್ವರವೂ ಐವತ್ತಾರು ಗೀತಗಳ ಉದ್ದಕ್ಕೂ ಜೊತೆಯಾಗಿ ನಡೆದವು. ಆದರೆ ಮುಂದೆ ಆ ಗೀತಗಳನ್ನು ಊರೂರಿನ ವೇದಿಕೆಗಳಿಗೆ ಕೊಂಡೊಯ್ದವರು ಫಡಕೆಯವರು. ಶ್ರೋತೃಗಳ ಕಣ್ಣಿಗೆ ಬಿದ್ದುದು ಸ್ವರಕಾರನೇ ಹೊರತು ಕವಿಯಲ್ಲ.

ಸಂದೀಪ ಖರೆ, ಸಲೀಲ ಕುಲಕರ್ಣಿ ಎಂಬ ಗೆಳೆಯರಿಬ್ಬರು 2003ರಲ್ಲಿ ಆರಂಭಿಸಿದ ‘ಆಯುಷ್ಯಾವರ ಬೋಲೂ ಕಾಹೀ’ ಎಂಬ ಕಾರ್ಯಕ್ರಮದ ವಿಶೇಷವಿರುವುದು ಇಲ್ಲಿ. ಖರೆಯವರು ಕವಿ, ಕುಲಕರ್ಣಿಯವರು ಸ್ವರಕಾರರು. ಇಬ್ಬರೂ ಹಾಡುತ್ತಾರೆ, ಇಬ್ಬರೂ ಒಂದೇ ವೇದಿಕೆಯ ಮೇಲೆ ಕುಳಿತು ಸಭೆಯೊಡನೆ ಹರಟುತ್ತಾರೆ, ನಡುವೆ ಕವಿತೆಯೊಂದನ್ನು ಸ್ವರವಿಲ್ಲದೆ ಬರಿಯ ಮಾತಿನಲ್ಲಿ ಓದುವುದೂ ಉಂಟು. ಕಾರ್ಯಕ್ರಮದ ಹೆಸರೇ ಲಕ್ಷಣವನ್ನು ಹೇಳುತ್ತದೆ. ಬಾಳಿನ ಬಗೆಗೆ ಏನಾದರೂ ಮಾತಾಡೋಣ ಎಂದು ಅದರ ಅರ್ಥ, ಹಾಡೋಣ ಎಂದಲ್ಲ.

ಇಂಥ ಜೋಡಿಗಳು ಅನ್ಯತ್ರವೂ ಉಂಟು. ನ್ಯೂಯಾರ್ಕಿನ ಶಾಲಾಗೆಳೆಯರಾದ ಪಾಲ್ ಸೈಮನ್, ಆರ್ಟ್ ಗಾರ್ಫಂಕಲ್ ಇವರಲ್ಲಿ ಒಬ್ಬರು ಹಾಡನ್ನು ಕಟ್ಟುವವರು, ಇನ್ನೊಬ್ಬರು ಮುಖ್ಯವಾಗಿ ಕಂಠದ ಒಡೆಯರು. 1964ರಲ್ಲಿ ಅವರು ಗಿಟಾರಿನ ಆಸರೆಯಿಂದ ಹಾಡಿದ್ದ ‘ದಿ ಸೌಂಡ್ ಆಫ್ ಸೈಲೆನ್ಸ್’ ಗೀತಕ್ಕೆ ಮರುವರ್ಷ ನಿರ್ಮಾಪಕರು ಇವರಿಗೆ ತಿಳಿಸದೆಯೇ ವಿದ್ಯುತ್ ಗಿಟಾರು, ತಾಳವಾದ್ಯಗಳನ್ನು ಸೇರಿಸಿದರು. 1966ರ ಆರಂಭದಲ್ಲಿ ಅದು ಅಮೆರಿಕದ ಗೀತಗಳ ಪಟ್ಟಿಯ ಶಿರಸ್ಸನ್ನು ಮುಟ್ಟಿತು. ಆ ಜೋಡಿಯ ಸತ್ತ್ವವಿದ್ದುದು ಎರಡು ಕಂಠಗಳ ಮೇಳದಲ್ಲಿ. ಪುಣೆಯ ಜೋಡಿಯ ಸತ್ತ್ವ ಮಾತಿನಲ್ಲಿದೆ.

ಇವರ ಗೀತಗಳಲ್ಲೆಲ್ಲ ಬಹು ಪ್ರಸಿದ್ಧವಾದ ‘ದಮಲೇಲ್ಯಾ ಬಾಬಾಚೀ ಕಹಾಣೀ’ಯನ್ನು, ಎಂದರೆ ದಣಿದ ಅಪ್ಪನ ಕಥೆಯನ್ನು, ತುಸು ಸಾವಧಾನವಾಗಿ ಪರಿಶೀಲಿಸಬೇಕು. ಕೆಲಸದಿಂದ ಹೊತ್ತು ಮೀರಿ ಮನೆಗೆ ಬಂದ ತಂದೆ, ಅತ್ತು ಮಲಗಿದ ಮಗಳಿಗೆ, ಅವಳ ನಿದ್ದೆಯಲ್ಲಿಯೇ ಕಥೆ ಹೇಳುತ್ತಾನೆ. ‘ಕಹಾಣೀ’ ಎಂಬುದು ಇಲ್ಲಿ ಬರಿಯ ಕಥೆಯಲ್ಲ. ಶ್ರಾವಣದ ವ್ರತಗಳಲ್ಲಿ ಮರಾಠಿ ಹೆಂಗಸರು ಓದುವ ಕಥೆಗಳಿಗೂ ಇದೇ ಹೆಸರು. ಆ ಕಥೆಗಳು ಆರಂಭವಾಗುವ ‘ಆಟಪಾಟ ನಗರ’ವೇ ಇಲ್ಲಿಯೂ ಬರುತ್ತದೆ, ನಮ್ಮ ಅಜ್ಜಿಯರ ‘ಒಂದಾನೊಂದು ಊರು’ ಇದ್ದಂತೆ. ಆದರೆ ಈ ನಗರದ ರಾಜ ಬೆವರಿಳಿಸುತ್ತ ಲೋಕಲ್ ರೈಲಿನಲ್ಲಿ ತಿರುಗುವವನು. ಅವನ ತಿರುಗಾಟಕ್ಕೆ ಕವಿ ಬಳಸುವ ಮಾತು ‘ವಾರೀ’, ಪಂಢರಪುರದ ಯಾತ್ರೆಗೆ ಸಲ್ಲುವ ಮಾತು. (ಆ ಯಾತ್ರೆಯ ದೈವವನ್ನು ಕಾನಡನೆಂದು ಕರೆದ ಅಭಂಗವೊಂದು ಜ್ಞಾನೇಶ್ವರರ ಹೆಸರಿನಲ್ಲಿ ಇರುವುದು ನಮ್ಮವರಿಗೆ ಪರಿಚಿತವೇ.) ನೌಕರನ ನಿತ್ಯದ ಅಲೆದಾಟವನ್ನು ಒಂದೇ ಪದದಿಂದ ಭಕ್ತಿಯ ಎತ್ತರಕ್ಕೇರಿಸಿ, ಅದೇ ಪದದಿಂದ ಅದನ್ನು ಹಾಸ್ಯಕ್ಕೂ ಈಡುಮಾಡಿರುವುದು ಉತ್ತಮ ಕವಿಯ ಕೆಲಸ. ಇಷ್ಟನ್ನು ಸಾಧಿಸಿದ ಕವಿತೆ ಕೊನೆಯಲ್ಲಿ ಸೋಲುತ್ತದೆ. ದೊಡ್ಡವಳಾಗಿ ಅತ್ತೆಯ ಮನೆಗೆ ಹೊರಟಾಗ ಹೊಸ್ತಿಲಲ್ಲಿ ಅಪ್ಪನಿಗಾಗಿ ನಿನ್ನ ಕಣ್ಣು ತುಂಬೀತೇ ಎಂದು ತಂದೆ ಕೇಳುತ್ತಾನೆ. ಬೆವರಿದ ರಾಜನ ವಿನೋದ ಅಲ್ಲಿ ಮಾಯವಾಗಿ, ಮದುವೆಮನೆಯ ಸಿದ್ಧ ಕಣ್ಣೀರು ಮಾತ್ರ ಉಳಿಯುತ್ತದೆ. ಸಭೆ ಅಳುತ್ತದೆ, ನಿಜ. ಆದರೆ ಅದು ಅಳುವುದು ಈ ತಂದೆಗಾಗಿ ಅಲ್ಲ, ತನ್ನ ನೆನಪುಗಳಿಗಾಗಿ.

ಸಭೆಯ ಮುಂದೆ ಕೂತ ಕವಿ ತೆರಬೇಕಾದ ಬೆಲೆ ಇದು. ಒಂದೇ ಸಲದ ಆಲಿಕೆಯಲ್ಲಿ ತಿಳಿಯಬೇಕು, ತಿಳಿದೊಡನೆ ತಟ್ಟಬೇಕು ಎಂಬ ಒತ್ತಾಯ ಅವನ ಮೇಲೆ ಇದ್ದೇ ಇರುತ್ತದೆ. ತಿರುಗಿ ಓದಿದಾಗ ಮಾತ್ರ ಬಿಚ್ಚಿಕೊಳ್ಳುವ ಕವಿತೆಗೆ ಅಲ್ಲಿ ಎಡೆಯಿಲ್ಲ.

ಆದರೆ ಕನ್ನಡದ ಭಾವಗೀತ ಗಾಯನ ತೆತ್ತಿರುವ ಬೆಲೆ ಇನ್ನೊಂದು ಬಗೆಯದು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸ್ವರ ಹಾಕಿದ ‘ನಿತ್ಯೋತ್ಸವ’ ಧ್ವನಿಸುರುಳಿ ಹೊರಬಂದ ಮೇಲೆ, ಅನಂತಸ್ವಾಮಿಯವರೂ ಸಿ. ಅಶ್ವತ್ಥರೂ ಕವಿತೆಯನ್ನು ಮನೆಮನೆಗೆ ಮುಟ್ಟಿಸಿದುದು ಸಾಮಾನ್ಯ ಉಪಕಾರವಲ್ಲ. ಹೊರನಾಡಿನ ಕನ್ನಡ ಮನೆಗಳಿಗಂತೂ ಎಷ್ಟೋ ವೇಳೆ ಕನ್ನಡ ಕಾವ್ಯವೆಂದರೆ ಆ ಸುರುಳಿಗಳೇ. ಆದರೆ ಅಲ್ಲಿ ಹಾಡು ಗಾಯಕನ ಕೈಸೇರಿದಾಗ ಕವಿ ಹಿಂದೆ ಉಳಿದ. ಎರಡು ಮೂರು ನುಡಿಗಳನ್ನು ಆಯ್ದು ಹಾಡುವ ರೂಢಿ ಬಂದಿತು; ಕವಿತೆ ಯಾವ ಸಂದರ್ಭದ್ದೆಂದು ಹೇಳುವವರಿಲ್ಲವಾಯಿತು. ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಮಗುವಿನ ಸಾವಿನ ಎದುರು ನಿಂತ ಗಂಡ ಹೆಂಡತಿಯ ಮುಖ ನೋಡಲಾರದೆ ಆಡುವ ಮಾತು. ಸಂದರ್ಭ ತಿಳಿಯದೆ ಇಂಪಾದ ಧಾಟಿಯಲ್ಲಿ ಕೇಳಿದವರು ಅದನ್ನು ದಾಂಪತ್ಯದ ಸರಸವೆಂದು ಎಣಿಸಿದರೆ ದೋಷ ಅವರದಲ್ಲ. ಖರೆಯವರ ಅಪ್ಪನಲ್ಲಿ ಕಾಣದ ಸಂಯಮ ಆ ಗೀತದಲ್ಲಿದೆ. ಆದರೆ ಖರೆಯವರ ಗೀತವನ್ನು ಯಾರೂ ತಪ್ಪು ತಿಳಿಯಲಾರರು, ಕವಿಯೇ ಎದುರಿಗಿದ್ದಾರೆ.

ಬೇಂದ್ರೆಯವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದವರು, ಮುಂದೆ ಧಾರವಾಡದಲ್ಲಿ ‘ಗೆಳೆಯರ ಗುಂಪು’ ಕಟ್ಟಿದವರು. ಅವರ ಕಾವ್ಯವಾಚನವನ್ನು ಕೇಳಿದವರಿಗೆ ಅವರ ಲಯವೇ ಅರ್ಧ ಅರ್ಥವಾಗಿತ್ತು. ಆ ಬಗೆಯ ವಾಚನ ಹಾಡಿಕೆಯ ಪಕ್ಕಕ್ಕೆ ಕನ್ನಡದ ವೇದಿಕೆಯಲ್ಲಿ ಮರಳಿ ಬರಬೇಕಾದರೆ ಸ್ವರಕಾರನಿಗೆ ಕವಿ ಬರಿಯ ಸಾಹಿತ್ಯ ಒದಗಿಸುವವನಾಗಿರದೆ ಸರಿಸಮನಾದ ಗೆಳೆಯನಾಗಿರಬೇಕು. ಹಾಡಿನ ನಡುವೆ ತಡೆದು, ಈ ನುಡಿ ಹೀಗಲ್ಲ ಎಂದು ಹೇಳುವ ಸಲಿಗೆ ಅವನಿಗಿರಬೇಕು.