ಕಿವಿಗೊಟ್ಟ ಗ್ರಂಥ: ಆದಿ ಕ್ರೈಸ್ತಸಭೆಯ ಬೋಧನಕ್ರಮ ಮತ್ತು ಕಿಟ್ಟೆಲರ ‘ಕಥಾಮಾಲೆ’

ಕನ್ನಡ ಬೈಬಲ್ಲಿನ ಚರಿತ್ರೆ ಬಹುಮಟ್ಟಿಗೆ ಮುದ್ರಣದ ಚರಿತ್ರೆಯಾಗಿಯೇ ಬೆಳೆದಿದೆ. ಬಳ್ಳಾರಿಯಲ್ಲಿ ಅನುವಾದಕ್ಕೆ ತೊಡಗಿದ ಜಾನ್ ಹ್ಯಾಂಡ್ಸ್, 1817ರಲ್ಲಿ ಶ್ರೀರಾಮಪುರದಿಂದ ಕನ್ನಡ ವ್ಯಾಕರಣವನ್ನು ಹೊರತಂದ ವಿಲಿಯಂ ಕೇರಿ, ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ ಇವರ ಸಾಧನೆ ಸಣ್ಣದಲ್ಲ. (ಇಂದು ಕೋಲ್ಕತ್ತದ ಸೆಕ್ಟರ್ ಫೈವ್‌ನ ಗಣಕೋದ್ಯಮದಲ್ಲಿ ದುಡಿಯುವ ಕನ್ನಡಿಗರಿಗೆ ಹೂಗ್ಲಿಯ ಆಚೆ ದಡದ ಆ ಶ್ರೀರಾಮಪುರ ಕೆಲವೇ ಹರದಾರಿ ದೂರ.) ಆದರೆ ಅಚ್ಚುಮೊಳೆಯ ಜಾಡಿನಲ್ಲೇ ಸಾಗುವ ಈ ಕಥನದಲ್ಲಿ ಗ್ರಂಥವನ್ನು ಕೇಳಿದವರಿಗೆ ಸ್ಥಾನವಿಲ್ಲ.

ಆದಿ ಸಭೆಯಲ್ಲಿ ಶಾಸ್ತ್ರವೆಂದರೆ ಮುಖ್ಯವಾಗಿ ಶ್ರವಣದ ವಸ್ತು. ಪ್ರತಿಗಳು ದುಬಾರಿ, ಓದಬಲ್ಲವರು ವಿರಳ. ಭಾನುವಾರದ ಕೂಟದಲ್ಲಿ ಅಪೊಸ್ತಲರ ಸ್ಮರಣಲೇಖಗಳನ್ನೋ ಪ್ರವಾದಿಗಳ ಬರಹಗಳನ್ನೋ ಸಮಯವಿದ್ದಷ್ಟು ಓದಲಾಗುತ್ತಿತ್ತು. ಬಳಿಕ ಸಭಾಧ್ಯಕ್ಷನು ಬೋಧಿಸುತ್ತಿದ್ದನು ಎಂದು ಸುಮಾರು 155ರಲ್ಲಿ ಜಸ್ಟಿನ್ ವಿವರಿಸುತ್ತಾನೆ. ನಮ್ಮ ಗಮಕದ ವಾಚನ-ವ್ಯಾಖ್ಯಾನಗಳ ಜೋಡಿ ಇಲ್ಲಿ ನೆನಪಾದರೆ ಆಶ್ಚರ್ಯವಿಲ್ಲ.

ಬೋಧನೆಯ ಕಷ್ಟವನ್ನು ಅಗಸ್ಟೀನನಷ್ಟು ಹತ್ತಿರದಿಂದ ಬಲ್ಲವರು ಕಡಿಮೆ. ತನ್ನ ಮಾತು ತನಗೇ ಬೇಸರ ತರಿಸುತ್ತಿದೆಯೆಂದು ಅಳಲಿದ ಕಾರ್ಥೇಜಿನ ದೆಯೊಗ್ರಾತಿಯಾಸನಿಗೆಂದೇ ಆತ ಸುಮಾರು 400ರಲ್ಲಿ ಒಂದು ಕೈಪಿಡಿ ಬರೆದನು. ಸೃಷ್ಟಿಯಿಂದ ಇಂದಿನ ಸಭೆಯವರೆಗೆ ಕಥೆ ಹೇಳು. ಎಲ್ಲವನ್ನೂ ಒಪ್ಪಿಸಬೇಡ, ಸೋಜಿಗದ ಸಂಗತಿಗಳಲ್ಲಿ ನಿಲ್ಲು, ಉಳಿದವನ್ನು ಬೇಗ ದಾಟು. ಕೇಳುವವನು ದಣಿದರೆ ಕುಳಿತುಕೊಳ್ಳಲು ಆಸನ ಕೊಡು ಎಂಬುದು ಅದರ ತಿರುಳು. ಕೇಳುಗನ ಕಾಲುನೋವನ್ನೂ ಗಣಿಸಿದ ಶಾಸ್ತ್ರಮೀಮಾಂಸೆ ಇದು.

1862ರಲ್ಲಿ ಪ್ರಕಟವಾದ ಫರ್ಡಿನಂಡ್ ಕಿಟ್ಟೆಲರ ‘ಕಥಾಮಾಲೆ’ಯನ್ನು ಈ ಬೆಳಕಿನಲ್ಲಿ ಓದಬೇಕು. ಯೇಸುವಿನ ಚರಿತೆಯನ್ನು ದೇಶೀಯ ಹಾಡಿನ ಧಾಟಿಗೆ ತಂದ ಈ ಕೃತಿ, ಮಹಾಕಾವ್ಯದ ಅಳತೆಗೋಲಿಗೆ ತೆಳುವೆನಿಸಬಹುದು. ಆದರೆ ಅದು ಕಣ್ಣಿಗಿಂತ ಕಿವಿಯನ್ನು ನೆಚ್ಚಿದ ರಚನೆ. 1894ರ ನಿಘಂಟಿನ ಪ್ರಭೆಯಲ್ಲಿ ಕಿಟ್ಟೆಲರೊಳಗಿನ ಈ ಬೋಧಕ ಮಸುಕಾಗಿದ್ದಾನೆ.

ಹೋಲಿಕೆಗೆ ಒಂದು ಮಿತಿಯುಂಟು. ಗಮಕದ ವ್ಯಾಖ್ಯಾನಕಾರನು ಪ್ರಸಂಗವನ್ನು ಹಿಗ್ಗಿಸಬಲ್ಲ, ಉಪಕಥೆ ಸೇರಿಸಬಲ್ಲ. ಸಭೆಯ ಬೋಧಕನಿಗೆ ಆ ಸಲಿಗೆಯಿಲ್ಲ. ಸುಮಾರು 180ರಲ್ಲಿ ಇರೆನೇಯಸನು ಕೊಟ್ಟ ದೃಷ್ಟಾಂತದಲ್ಲಿ, ರತ್ನಗಳಿಂದ ರಚಿಸಿದ ಅರಸನ ಚಿತ್ರವನ್ನು ಬಿಚ್ಚಿ, ಅವೇ ರತ್ನಗಳಿಂದ ನರಿಯ ಆಕೃತಿ ಜೋಡಿಸಿ, ಇದೇ ಅರಸನೆಂದು ನಂಬಿಸುವವರಿದ್ದಾರೆ. ಸುವಾರ್ತೆಯನ್ನು ಬಿಚ್ಚಿ ಪದ್ಯವಾಗಿ ಮತ್ತೆ ಪೋಣಿಸುವವನ ಮುಂದೆಯೂ ಇದೇ ಭಯ ನಿಂತಿರುತ್ತದೆ. ‘ಕಥಾಮಾಲೆ’ಯ ಕಲ್ಪನೆ ರೆಕ್ಕೆ ಬಿಚ್ಚದಿರುವುದಕ್ಕೆ ಕವಿತ್ವದ ಕೊರತೆಗಿಂತ ಈ ಅಂಕೆಯೇ ಹೆಚ್ಚಿನ ಕಾರಣವೆಂದು ನಾನು ಭಾವಿಸುತ್ತೇನೆ.